ಟ್ರಂಕಿನಲ್ಲಿ ಇಲ್ಲದ ಕಾಗದ

ಹೊಲ ಸ್ವಂತದ್ದೋ, ಗುತ್ತಿಗೆಯದೋ?

ಆದಾಯ ತೆರಿಗೆಯ ಫಾರಂ ಕೇಳುವ ನೂರೆಂಟು ಪ್ರಶ್ನೆಗಳಲ್ಲಿ ನಮ್ಮ ಕಡೆಯ ರೈತನ ಬಾಯಿ ಕಟ್ಟಿಸುವುದು ಇದೊಂದೇ. ವರ್ಷದ ನಿವ್ವಳ ಕೃಷಿ ಆದಾಯ 5 ಲಕ್ಷ ರೂಪಾಯಿ ದಾಟಿತೆಂದರೆ ಐಟಿಆರ್‌ 2 ಅಥವಾ 3ರಲ್ಲಿ ಹೊಲದ ವಿವರ ತುಂಬಬೇಕಾಗುತ್ತದೆ. ಯಾವ ಜಿಲ್ಲೆ, ಯಾವ ಪಿನ್‌ಕೋಡ್‌, ಎಷ್ಟು ಎಕರೆ, ನೀರಾವರಿಯೋ ಮಳೆಯಾಶ್ರಿತವೋ, ಇಷ್ಟಕ್ಕೆ ಉತ್ತರ ಸಲೀಸು. ಒಂದು ಜುಲೈ ಕಡೆಯ ವಾರ ಸಿಂಧನೂರಿನ ಆನ್‌ಲೈನ್‌ ಸೆಂಟರೊಂದರಲ್ಲಿ ನನ್ನ ಪಕ್ಕ ಕೂತಿದ್ದ ವಳಕಮದಿನ್ನಿಯ ರೈತರು ಅಲ್ಲಿಯತನಕ ಪಟಪಟನೆ ಹೇಳಿದರು. ಸ್ವಂತವೋ ಗುತ್ತಿಗೆಯೋ ಎಂದಾಗ ಮಾತ್ರ ಟವೆಲ್ಲು ತೆಗೆದು ಮುಖ ಒರೆಸಿಕೊಂಡರು.

"ಲೀಜಿಗೆ ಮಾಡೀನ್ರಿ. ಕಾಗದ ಎಲ್ಲಿಂದ ತರ್ಲಿ? ಹೊಲದ ಗೌಡ್ರು ಬರದು ಕೊಡಂಗಿಲ್ಲ, ನಾ ಕೇಳಂಗಿಲ್ಲ."

ಕಂಪ್ಯೂಟರ್‌ ಮುಂದಿನ ಹುಡುಗನ ಹಿಂದೆ ಸರದಿ ಬೆಳೆಯುತ್ತಿತ್ತು. "ಸ್ವಂತ ಅಂತ ಹಾಕ್ಲೇನ್ರಿ ಕಾಕಾ? ಯಾರ್‌ ಬಂದು ನೋಡ್ತಾರ?"

ಹುಡುಗ ಕೆಟ್ಟವನೇನಲ್ಲ. ಇನ್ನೂರು ರೂಪಾಯಿಗೆ ಒಂದು ರಿಟರ್ನ್ಸ್‌ ತುಂಬಿಕೊಡುವವನಿಗೆ ಒಂದೊಂದು ಪ್ರಶ್ನೆಗೂ ಅರ್ಧ ಗಂಟೆ ಕೂರಲಾಗುವುದಿಲ್ಲ. ಆದರೆ ನಮ್ಮ ಸೀಮೆಯಲ್ಲಿ ತೆರಿಗೆ ಕಾಗದದ ಕಥೆ ಕೆಡುವುದು ಸರಿಯಾಗಿ ಇಂಥ ಜಾಗದಲ್ಲೇ. ಇಲ್ಲದ ಕಾಗದವನ್ನು ಇದೆ ಎಂದು ಬರೆಯುವ ಜಾಗದಲ್ಲಿ.

ಕರ್ನಾಟಕದಲ್ಲಿ 1974ರ ಭೂಸುಧಾರಣೆ ತಿದ್ದುಪಡಿ ಜಾರಿಯಾದ ಮೇಲೆ ಕೃಷಿ ಜಮೀನನ್ನು ಗೇಣಿಗೆ ಕೊಡುವುದಕ್ಕೇ ನಿಷೇಧ. ಸೈನಿಕರು, ನಾವಿಕರಂಥ ಕೆಲವರಿಗಷ್ಟೇ ವಿನಾಯಿತಿ. ಉಳುವವನನ್ನೇ ಒಡೆಯನನ್ನಾಗಿ ಮಾಡಿದ ಕಾಯ್ದೆ ಅದು, ಅದರ ದೊಡ್ಡತನದ ಬಗ್ಗೆ ತಕರಾರಿಲ್ಲ. ಆದರೆ ತುಂಗಭದ್ರಾ ಎಡದಂಡೆ ಕಾಲುವೆಯ ಕೆಳಗೆ ಇವತ್ತು ಭತ್ತ ನಿಂತಿರುವ ಎಷ್ಟೋ ಗದ್ದೆ ನಡೆಯುತ್ತಿರುವುದು ಲೀಜಿನ ಮೇಲೆ. ಕಟ್ಟೆಯ ಮೇಲೆ ಮಾತಾಗುತ್ತದೆ, ಎಕರೆಗೆ ಇಷ್ಟು ಚೀಲ ಅಥವಾ ಇಷ್ಟು ರೊಕ್ಕ ಅಂತ ನಾಲ್ಕು ಮಂದಿ ಹಿರಿಯರ ಎದುರು ತೀರ್ಮಾನವಾಗುತ್ತದೆ, ಅಷ್ಟೇ. ಬರೆದುಕೊಟ್ಟರೆ ಹೊಲವೇ ಹೋದೀತೆಂದು ಕೊಡುವವನಿಗೆ ಅಂಜಿಕೆ. ಬರೆದುಕೊಡಿ ಅಂದರೆ ಮುಂದಿನ ವರ್ಷ ಹೊಲ ಸಿಗಲಿಕ್ಕಿಲ್ಲ ಎಂದು ಮಾಡುವವನಿಗೆ ಅಂಜಿಕೆ. ಹೀಗಾಗಿ ದಿಲ್ಲಿಯ ಫಾರಮ್ಮಿನಲ್ಲಿ 'ಗುತ್ತಿಗೆ' ಎಂಬ ಉತ್ತರಕ್ಕೆ ಜಾಗವಿದೆ, ಬೆಂಗಳೂರಿನ ಕಾಯ್ದೆಯಲ್ಲಿ ಅದಕ್ಕೆ ಜಾಗವಿಲ್ಲ. ಎರಡರ ನಡುವೆ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವವನು ರೈತ.

ಅವರಿಗೆ ಸಮಾಧಾನ ಹೇಳಲು ಕಾರಣವೂ ಇತ್ತು. ಕೃಷಿ ಆದಾಯಕ್ಕೆ ಕೇಂದ್ರದ ಆದಾಯ ತೆರಿಗೆ ಇಲ್ಲ ಎಂದು 1961ರ ಆದಾಯ ತೆರಿಗೆ ಕಾಯ್ದೆಯ 10(1)ನೇ ಕಲಂ ಹೇಳುತ್ತದೆ. ಆ ವಿನಾಯಿತಿಗೆ ಹೊಲದ ಒಡೆತನ ಬೇಕೆಂದು ಎಲ್ಲೂ ಇಲ್ಲ. ದೇಶದೊಳಗಿನ ಜಮೀನಿನಲ್ಲಿ ಬೇಸಾಯ ಮಾಡಿ ಗಳಿಸಿದ್ದಾದರೆ ಸಾಕು. 2025ರ ಹೊಸ ಕಾಯ್ದೆ 2026ರ ಏಪ್ರಿಲ್‌ 1ರಿಂದ ಜಾರಿಗೆ ಬಂದು ಕಲಂಗಳ ಸಂಖ್ಯೆ ಬದಲಾಗಿದ್ದರೂ 2026ರ ಮಾರ್ಚ್‌ ತನಕದ ಗಳಿಕೆಗೆ ಹಳೆಯ ಕಾಯ್ದೆಯದೇ ಲೆಕ್ಕ. ಅಂದಮೇಲೆ ಅವರು 'ಗುತ್ತಿಗೆ' ಎಂದೇ ಬರೆಯಬಹುದಿತ್ತು. ನಾಳೆ ನೋಟಿಸು ಬಂದರೆ ತೋರಿಸಬೇಕಾದದ್ದು ಬೇಸಾಯ ಮಾಡಿದ್ದಕ್ಕೆ ಗುರುತು, ಲೀಜಿನ ಕರಾರುಪತ್ರ ಒಂದೇ ಅಲ್ಲ. 'ಸ್ವಂತ' ಎಂದು ಬರೆದರೆ ಮಾತ್ರ ಪಹಣಿಯ 9ನೇ ಕಾಲಂ ಅವರನ್ನು ಸುಳ್ಳನನ್ನಾಗಿ ಮಾಡುತ್ತದೆ. ಅಲ್ಲಿರುವುದು ಗೌಡರ ಹೆಸರು.

ನಮ್ಮ ಮನೆಗಳ ಟ್ರಂಕನ್ನು ಒಮ್ಮೆ ತೆಗೆದು ನೋಡಿ. ಪಹಣಿ ಇರುತ್ತದೆ, ಅಜ್ಜನ ಕಾಲದ ಉರ್ದು ಕಾಗದ ಮಡಿಕೆ ಹರಿದು ನಾಲ್ಕು ತುಂಡಾಗಿರುತ್ತದೆ, ರೇಷನ್‌ ಕಾರ್ಡು, ಮಕ್ಕಳ ಮಾರ್ಕ್ಸ್‌ ಕಾರ್ಡು, ಎಲ್‌ಐಸಿ ಬಾಂಡು ಇರುತ್ತವೆ. ಇವೆಲ್ಲ ಕಳೆದರೂ ನಕಲು ಸಿಗುವ ಕಾಗದಗಳು. 'ಭೂಮಿ' ಯೋಜನೆಯಲ್ಲಿ ರಾಜ್ಯದ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿ ಇಪ್ಪತ್ತು ವರ್ಷ ದಾಟಿತು. ಪ್ಯಾನ್‌ ಕಾರ್ಡು ಕಳೆದರೆ 50 ರೂಪಾಯಿಗೆ ಮರುಮುದ್ರಣ. ವಿಮೆಯ ಕಂತಿನ ರಸೀದಿ ಕಳೆದರೆ ವರ್ಷದ ಪಾವತಿ ಪತ್ರವನ್ನು ಶಾಖೆಯಲ್ಲೋ ಆನ್‌ಲೈನಿನಲ್ಲೋ ಪಡೆಯಬಹುದು. ತೀರಾ ಬೇಕಾದ ಮೂಲಪತ್ರ ಕಳೆದರೆ ಪೊಲೀಸ್‌ ಠಾಣೆಗೆ ಅರ್ಜಿ ಕೊಟ್ಟು ಹಿಂಬರಹ ತಂದು ನಕಲಿಗೆ ಹಾಕಬಹುದು.

ನಕಲು ಸಿಗದವು ಬೇರೆ ಇವೆ, ಅವಕ್ಕೆ ಟ್ರಂಕಿನಲ್ಲಿ ಜಾಗವಿಲ್ಲ. ದಲಾಲಿ ಅಂಗಡಿಯ ಪಟ್ಟಿ, ಗೊಬ್ಬರದ ಬಿಲ್ಲು, ವೇಬ್ರಿಡ್ಜಿನ ತೂಕದ ಚೀಟಿ, ಭತ್ತ ಕೊಯ್ಯುವ ಮಷಿನ್ನಿನವನಿಗೆ ಕೊಟ್ಟ ಬಾಡಿಗೆಯ ಲೆಕ್ಕ. ಇವೆಲ್ಲ ಅಂಗಿಯ ಜೇಬಿನಲ್ಲಿ ಹುಟ್ಟಿ ಒಗೆಯುವ ಕಲ್ಲಿನ ಮೇಲೆ ಸಾಯುತ್ತವೆ. ಉಳಿದ ತೂಕದ ಚೀಟಿಯ ಅಕ್ಷರವೂ ಮುಂದಿನ ಮುಂಗಾರಿನ ಹೊತ್ತಿಗೆ ಮಾಯ. ಅದು ಬಿಸಿಗೆ ಅಚ್ಚಾಗುವ ಕಾಗದ, ಬಿಸಿಲಿಗೇ ಅಳಿಯುತ್ತದೆ. ನಮ್ಮ ಬಿಸಿಲಿನ ಬಗ್ಗೆ ಹೇಳುವುದೇ ಬೇಡ.

ಈ ಚೀಟಿಗಳು ಬೇಕಾಗುವ ಪ್ರಸಂಗ ಹೇಗೆ ಬರುತ್ತದೆಂದರೆ, ಉಳಿತಾಯ ಖಾತೆಗೆ ವರ್ಷದಲ್ಲಿ 10 ಲಕ್ಷ ರೂಪಾಯಿ ಅಥವಾ ಅದಕ್ಕಿಂತ ಹೆಚ್ಚು ನಗದು ಜಮೆಯಾದರೆ ಬ್ಯಾಂಕು ಅದನ್ನು ಇಲಾಖೆಗೆ ತಿಳಿಸಲೇಬೇಕು. ನಲವತ್ತು ಎಕರೆ ಭತ್ತ ಮಾಡುವವನಿಗೆ ಅದು ದೊಡ್ಡ ಮೊತ್ತವಲ್ಲ. ಬೆಂಗಳೂರಿನಲ್ಲೋ ದಿಲ್ಲಿಯಲ್ಲೋ ಕೂತ ಕಂಪ್ಯೂಟರಿಗೆ ಭತ್ತ ಕಾಣುವುದಿಲ್ಲ, ರೊಕ್ಕವಷ್ಟೇ ಕಾಣುತ್ತದೆ. ಎಲ್ಲಿಂದ ಬಂತು ಎಂದು ಕೇಳುತ್ತದೆ. ಆಗ ಪಹಣಿಯ 12ನೇ ಕಾಲಮ್ಮಿನ ಬೆಳೆ, ದಲಾಲಿ ಪಟ್ಟಿಯ ತೂಕ, ಬ್ಯಾಂಕಿನ ಜಮೆ ಈ ಮೂರೂ ಒಂದಕ್ಕೊಂದು ಹೊಂದಬೇಕು. ಬೆಳೆ ಸಮೀಕ್ಷೆಯವರು ಅವಸರದಲ್ಲಿ ಭತ್ತದ ಬದಲು ಬೀಳು ಎಂದು ಬರೆದುಕೊಂಡು ಹೋಗಿದ್ದರೆ ಕಷ್ಟ. ಆಕ್ಷೇಪಣೆಗೆ ಕೊಡುವ ದಿನಗಳಲ್ಲಿ ಅದನ್ನು ಸರಿಪಡಿಸಿಕೊಳ್ಳದ ರೈತನಿಗೆ ಆ ಒಂದು ಶಬ್ದ ಬೆಳೆವಿಮೆಯಲ್ಲೂ ಕಾಡುತ್ತದೆ, ಇಲ್ಲೂ ಕಾಡುತ್ತದೆ. ಮತ್ತೊಂದು ಮಾತು: ಒಬ್ಬರಿಂದ ಒಂದು ದಿನದಲ್ಲಿ 2 ಲಕ್ಷ ಅಥವಾ ಅದಕ್ಕಿಂತ ಹೆಚ್ಚು ನಗದು ತೆಗೆದುಕೊಳ್ಳುವುದು ತಪ್ಪು, ತೆಗೆದುಕೊಂಡಷ್ಟೇ ದಂಡ ಬೀಳಬಹುದು. ರೈತನಿಗೂ ಈ ನಿಯಮ ಅನ್ವಯ. ದಲಾಲರ ಅಂಗಡಿಯಲ್ಲಿ ಇದನ್ನು ಯಾರೂ ಗೋಡೆಗೆ ಬರೆದು ಹಾಕಿಲ್ಲ.

ಸಂಬಳದವರ ಪಾಡು ಇದಕ್ಕೆ ಪೂರಾ ತಿರುಗುಮುರುಗು. ಅವರ ಕಾಗದ ಕಳೆದರೂ ಕಳೆದಂತಲ್ಲ.

ನಮ್ಮ ಅಕ್ಕನ ಮಗ ಬೆಂಗಳೂರಿನ ಒಂದು ಕಂಪನಿಯಲ್ಲಿದ್ದ. ಕಂಪನಿಯ ಹೆಸರು ಬೇಡ, ಈಗ ಅದರ ಬೋರ್ಡೂ ಇಲ್ಲ. ಮಳಿಗೆ ಮುಚ್ಚಿ, ಎಚ್‌ಆರ್‌ ಮೇಡಂ ಫೋನ್‌ ಎತ್ತುವುದು ಬಿಟ್ಟು, ಹುಡುಗ ಊರಿಗೆ ಬಂದು ಕೂತ. "ಮಾಮಾ, ಫಾರಂ 16 ಕೊಟ್ಟಿಲ್ಲ, ಹಂಗಾದ್ರ ಐಟಿ ಹಾಕೂದು ಬ್ಯಾಡೇನು?" ಎಂದು ಕೇಳಿದ. ಈ ಪ್ರಶ್ನೆ ಪ್ರತಿ ವರ್ಷ ಎಷ್ಟು ಮನೆಗಳಲ್ಲಿ ಏಳುತ್ತದೋ. ಫಾರಂ 16 ಎಂಬುದು ಮಾಲೀಕ ಕೊಡುವ ಒಂದು ಪ್ರಮಾಣಪತ್ರ. ಜೂನ್‌ 15ರೊಳಗೆ ಕೊಡಬೇಕು, ಕೊಡದಿದ್ದರೆ ದಿನಕ್ಕೆ 500 ರೂಪಾಯಿ ದಂಡ ಅವನಿಗೆ. ಆದರೆ ರಿಟರ್ನ್ಸ್‌ ಜೊತೆ ಅದನ್ನು ಲಗತ್ತಿಸುವ ಪದ್ಧತಿ ಹೋಗಿ ವರ್ಷಗಳಾದವು. ಅದರಲ್ಲಿರುವ ತೆರಿಗೆಯ ಅಂಕಿ 26ಎಎಸ್‌ ಎಂಬ ಪಟ್ಟಿಯಲ್ಲಿ ಇಲಾಖೆಯ ಪೋರ್ಟಲ್ಲಿನಲ್ಲೇ ಸಿಗುತ್ತದೆ: ಯಾರು, ಯಾವ ದಿನ, ಎಷ್ಟು ಕೊಟ್ಟು ಎಷ್ಟು ಮುರಿದುಕೊಂಡರು ಅಂತ. 2021ರ ನವೆಂಬರಿನಿಂದ ಎಐಎಸ್‌ ಎಂಬ ಇನ್ನೂ ದೊಡ್ಡ ಪಟ್ಟಿಯೂ ಇದೆ. ಬ್ಯಾಂಕಿನ ಬಡ್ಡಿ, ಷೇರಿನ ಲಾಭಾಂಶ, ಮಾರಿದ ಸೈಟು ಎಲ್ಲ ಅದರಲ್ಲಿ. ನಿಮ್ಮದಲ್ಲದ ಸಾಲು ಅದರಲ್ಲಿ ಸೇರಿದ್ದರೆ ಅಲ್ಲೇ ಆಕ್ಷೇಪ ದಾಖಲಿಸಲೂಬಹುದು. ಇವೆರಡನ್ನು, ಸಂಬಳದ ಚೀಟಿಗಳನ್ನು, ಬ್ಯಾಂಕ್‌ ಸ್ಟೇಟ್‌ಮೆಂಟನ್ನು ಒಟ್ಟಿಗೆ ಹರಡಿಕೊಂಡು ಕೂತರೆ ಒಂದು ಮಧ್ಯಾಹ್ನದಲ್ಲಿ ಫಾರಂ 16ರ ಲೆಕ್ಕವನ್ನು ನಾವೇ ಕಟ್ಟಬಹುದು.

ನಾವು ಹಾಗೇ ಕಟ್ಟಿದೆವು. ಆದರೆ ಬೇರೆ ಪೆಟ್ಟು ಕಾದಿತ್ತು. ಸಂಬಳದ ಚೀಟಿಯಲ್ಲಿ ತಿಂಗಳಾ ತೆರಿಗೆ ಮುರಿದದ್ದು ಕಾಣುತ್ತದೆ, 26ಎಎಸ್‌ನಲ್ಲಿ ಕಡೆಯ ಆರು ತಿಂಗಳು ಖಾಲಿ. ಮುರಿದುಕೊಂಡದ್ದನ್ನು ಕಂಪನಿ ಸರ್ಕಾರಕ್ಕೆ ಕಟ್ಟಿರಲೇ ಇಲ್ಲ. ಇಲ್ಲಿ ನೆನಪಿಡಬೇಕಾದದ್ದು ಹಳೆಯ ಕಾಯ್ದೆಯ 205ನೇ ಕಲಂ. ಮೂಲದಲ್ಲೇ ಮುರಿದುಕೊಂಡ ಮೊತ್ತದ ಮಟ್ಟಿಗೆ ಆ ತೆರಿಗೆಯನ್ನು ನೌಕರನಿಂದ ಮತ್ತೊಮ್ಮೆ ಕೇಳಬಾರದು ಎನ್ನುತ್ತದೆ ಅದು. ಹೀಗೆ ಬಲವಂತದ ವಸೂಲಿ ಮಾಡಬೇಡಿ ಎಂದು ನೇರ ತೆರಿಗೆಗಳ ಕೇಂದ್ರೀಯ ಮಂಡಳಿ ತನ್ನ ಅಧಿಕಾರಿಗಳಿಗೆ 2015ರಲ್ಲೂ 2016ರಲ್ಲೂ ಬರೆದು ತಿಳಿಸಿತ್ತು. ಆದರೂ ಕಂಪ್ಯೂಟರು ಡಿಮ್ಯಾಂಡ್‌ ಕಳಿಸಿತು. ಪೋರ್ಟಲ್ಲಿನಲ್ಲಿ 'ಒಪ್ಪುವುದಿಲ್ಲ' ಎಂದು ಹಾಕಿ ಸಂಬಳದ ಚೀಟಿ, ಬ್ಯಾಂಕ್‌ ಸ್ಟೇಟ್‌ಮೆಂಟ್‌ ಏರಿಸಿದೆವು. ಮರುಪಾವತಿ ಮಾತ್ರ ಬರಲಿಲ್ಲ. ಬೊಕ್ಕಸಕ್ಕೆ ಬಾರದ ರೊಕ್ಕವನ್ನು ಬೊಕ್ಕಸ ಹಿಂದಕ್ಕೆ ಕೊಡುವುದಿಲ್ಲ. ವಸೂಲಿಯಿಂದ ರಕ್ಷಣೆ ಇದೆ, ಹಣ ವಾಪಸು ಬರುವ ದಾರಿ ಇಲ್ಲ. ಈ ಅರ್ಧ ನ್ಯಾಯ ನನಗೆ ಇವತ್ತಿಗೂ ಸರಿ ಕಾಣುವುದಿಲ್ಲ.

ಸರ್ಕಾರಿ ಮೇಷ್ಟ್ರ ಗೋಳು ಸಣ್ಣದು. ಬಟವಾಡೆ ಅಧಿಕಾರಿಯ ತ್ರೈಮಾಸಿಕ ಪಟ್ಟಿಯಲ್ಲಿ ಪ್ಯಾನಿನ ಒಂದು ಅಕ್ಷರ ತಪ್ಪಿದ್ದರೆ ತೆರಿಗೆ ಇನ್ನಾರದೋ ಖಾತೆಗೆ ಹೋಗಿರುತ್ತದೆ. ತಿದ್ದುಪಡಿ ಪಟ್ಟಿ ಹಾಕಿಸಿದರೆ ಮುಗಿಯಿತು, ಅದಕ್ಕೆ ನಾಲ್ಕು ಸಲ ಕಚೇರಿಗೆ ಅಲೆಯಬೇಕು. ಮೇಷ್ಟ್ರಿಗೆ ಹೊಲವೂ ಇದ್ದರೆ ಇನ್ನೊಂದು ಸೂಕ್ಷ್ಮವಿದೆ. ಕೃಷಿ ಆದಾಯ 5,000 ರೂಪಾಯಿ ದಾಟಿದರೆ ಸರಳವಾದ ಐಟಿಆರ್‌ 1 ನಡೆಯುವುದಿಲ್ಲ. ಹೊಲದ ಗಳಿಕೆಗೆ ತೆರಿಗೆ ಬೀಳದು, ಆದರೆ ಅದನ್ನು ಲೆಕ್ಕಕ್ಕೆ ಹಿಡಿದು ಸಂಬಳದ ಮೇಲಿನ ದರ ಏರಿಸುತ್ತಾರೆ.

ಪ್ಯಾನಿನ ಅಕ್ಷರದಂತೆ ಹೆಸರು ತಪ್ಪಿದರೂ ತೊಡಕೇ. ಹೆಸರಿನ ಮಾತು ಬಂದಾಗ ಮಸ್ಕಿಯನ್ನು ಬಿಟ್ಟು ಮುಂದೆ ಹೋಗಲಾರೆ. ದೇಶದ ತುಂಬ ಬಂಡೆಗಳ ಮೇಲೆ 'ದೇವಾನಾಂಪ್ರಿಯ', 'ಪ್ರಿಯದರ್ಶಿ' ಎಂದಷ್ಟೇ ಬರೆಸಿದ್ದ ಅರಸ ಯಾರೆಂಬುದಕ್ಕೆ ಕಲ್ಲಿನ ಮೇಲಿನ ಖಚಿತ ಪುರಾವೆ ಸಿಕ್ಕಿದ್ದು 1915ರಲ್ಲಿ. ಗಣಿ ಇಂಜಿನಿಯರ್‌ ಬೀಡನ್‌ ಕಣ್ಣಿಗೆ ಬಿದ್ದ ಮಸ್ಕಿಯ ಶಾಸನದಲ್ಲಿ 'ಅಶೋಕ' ಎಂಬ ಹೆಸರೇ ಇತ್ತು. ಚಕ್ರವರ್ತಿಗೇ ಹೆಸರು ಹೊಂದದೆ ಇಪ್ಪತ್ತೆರಡು ಶತಮಾನ ಕಳೆದವು, ಹೊಂದಿಸಿಕೊಟ್ಟದ್ದು ನಮ್ಮೂರ ಗುಡ್ಡ. ಆ ಗುಡ್ಡದ ನೆರಳಿನ ಊರುಗಳವರಿಗೆ ಆಧಾರ್‌ ಮತ್ತು ಪ್ಯಾನಿನ ಹೆಸರು ಹೊಂದುವುದಿಲ್ಲ.

ಇದಕ್ಕೆ ನಮ್ಮ ಅಡ್ಡಹೆಸರೇ ಮೂಲ. ಪ್ಯಾನ್‌ ಅರ್ಜಿ ಕಡೆಯ ಹೆಸರು ಕೇಳುತ್ತದೆ. ನಮ್ಮ ಕಡೆ ಊರಿನ ಹೆಸರನ್ನೇ ಕೊಡುವುದು ರೂಢಿ. ವಳಕಮದಿನ್ನಿ ಎಂಬುದನ್ನು ಇಂಗ್ಲಿಷಿನಲ್ಲಿ ಒಬ್ಬ 'ವಿ'ಯಿಂದ ಶುರುಮಾಡುತ್ತಾನೆ, ಇನ್ನೊಬ್ಬ 'ಡಬ್ಲ್ಯೂ'ದಿಂದ. ಒಬ್ಬ 'ಕಮ' ಎನ್ನುತ್ತಾನೆ, ಇನ್ನೊಬ್ಬ 'ಕಂ' ಎಂದು ಮುಗಿಸುತ್ತಾನೆ. ಕಡೆಗೆ ಬ್ಯಾಂಕಿನಲ್ಲಿ ಬರೀ ತಂದೆಯ ಹೆಸರು. ವಿಳಾಸದ್ದು ಇನ್ನೊಂದು ಪುರಾಣ. 2017ರ ರಾಜ್ಯ ಬಜೆಟ್ಟಿನಲ್ಲಿ ಘೋಷಣೆಯಾಗಿ ಮಸ್ಕಿ ತಾಲ್ಲೂಕಾಯಿತು. ಲಿಂಗಸುಗೂರು, ಸಿಂಧನೂರು ತಾಲ್ಲೂಕುಗಳ ಊರುಗಳು ಅದಕ್ಕೆ ಸೇರಿದವು. ಹೀಗೆ ಒಂದೇ ಮನೆಯ ಒಂದು ಕಾಗದ ಹಳೆಯ ತಾಲ್ಲೂಕನ್ನು ಹೇಳುತ್ತದೆ, ಇನ್ನೊಂದು ಹೊಸದನ್ನು. ವಿಳಾಸ ಹೊಂದದಿದ್ದರೆ ನಡೆಯುತ್ತದೆ, ಹೆಸರು ಹೊಂದದಿದ್ದರೆ ನಡೆಯುವುದಿಲ್ಲ. ಆಧಾರ್‌ ಜೋಡಿಸದ ಪ್ಯಾನ್‌ 2023ರ ಜುಲೈ 1ರಿಂದ ನಿಷ್ಕ್ರಿಯ. ಅಂಥ ಪ್ಯಾನಿನವರಿಗೆ ಮರುಪಾವತಿ ಇಲ್ಲ, ತೆರಿಗೆ ಮುರಿಯುವುದೂ ಹೆಚ್ಚಿನ ದರದಲ್ಲಿ. ಮೊದಲು ಒಂದು ಕಡೆ ಹೆಸರು ತಿದ್ದಿಸಿ, ಆಮೇಲೆ 1,000 ರೂಪಾಯಿ ಕಟ್ಟಿ ಜೋಡಿಸಬೇಕು.

ಗುಳೆ ಹೋದವರಿಗೆ ಇದು ಬಹಳ ತಾಗುತ್ತದೆ. ಮೂರು ವರ್ಷ ಬೆಂಗಳೂರಿನಲ್ಲಿ ದುಡಿದು ಪಿಎಫ್‌ ತೆಗೆದುಕೊಂಡವನ ಮೊತ್ತ 50,000 ರೂಪಾಯಿ ಇದ್ದರೆ, ಸೇವೆ ಐದು ವರ್ಷ ತುಂಬದ ಕಾರಣ ನೂರಕ್ಕೆ ಹತ್ತು ಮುರಿಯುತ್ತಾರೆ. ಪ್ಯಾನ್‌ ಸರಿ ಇಲ್ಲದಿದ್ದರೆ ಇಪ್ಪತ್ತು. ಅವನ ವರ್ಷದ ಗಳಿಕೆಗೆ ತೆರಿಗೆಯೇ ಇರುವುದಿಲ್ಲ. ರಿಟರ್ನ್ಸ್‌ ಹಾಕಿದರೆ ಮುರಿದದ್ದು ಮರಳುತ್ತದೆ. ಆದರೆ ಹಾಕಬೇಕೆಂದು ಅವನಿಗೆ ಗೊತ್ತಾಗುವ ಹೊತ್ತಿಗೆ ವರ್ಷ ಕಳೆದಿರುತ್ತದೆ. ತಡವಾದ ರಿಟರ್ನ್ಸಿಗೆ ಡಿಸೆಂಬರ್‌ 31 ಕೊನೆ. ಅದೂ ದಾಟಿದರೆ ನಾಲ್ಕು ವರ್ಷದ ತನಕ ಅಪ್‌ಡೇಟೆಡ್‌ ರಿಟರ್ನ್ಸ್‌ ಎಂಬ ಬಾಗಿಲು ಇದೆಯಲ್ಲ ಎನ್ನುತ್ತಾರೆ. ಅದು ಸರ್ಕಾರಕ್ಕೆ ಕಟ್ಟುವವರ ಬಾಗಿಲು, ಪಡೆಯುವವರದಲ್ಲ. ಮರುಪಾವತಿಗೆ ಅದನ್ನು ಬಳಸಲಾಗದು. ಪಡೆಯಬೇಕಾದವರು ತಡವನ್ನು ಮನ್ನಿಸಿ ಎಂದು 119(2)(ಬಿ) ಕಲಮ್ಮಿನಡಿ ಅರ್ಜಿ ಹಾಕಿಕೊಳ್ಳಬೇಕು. 2024ರ ಅಕ್ಟೋಬರಿನ ಸುತ್ತೋಲೆಯ ಪ್ರಕಾರ ಅದಕ್ಕೆ ಐದು ವರ್ಷದ ಅವಕಾಶ.

ಮಂಜೂರಾದ ಮರುಪಾವತಿಯೂ ಕಡೆಯ ಮೆಟ್ಟಿಲಲ್ಲಿ ಜಾರುವುದುಂಟು. ದೇಶದ ಅಷ್ಟೂ ರಿಟರ್ನ್ಸ್‌ ತಿರುವಿ ನೋಡುವ ಕೇಂದ್ರ ಇರುವುದು ನಮ್ಮದೇ ರಾಜಧಾನಿಯಲ್ಲಿ. ಅದು ಕಳಿಸುವ ರೊಕ್ಕ ಪೋರ್ಟಲ್ಲಿನಲ್ಲಿ ಮೊದಲೇ ದೃಢೀಕರಿಸಿದ ಖಾತೆಗಷ್ಟೇ ಹೋಗುತ್ತದೆ. ನಮ್ಮ ಹಿರಿಯರು ಇನ್ನೂ 'ತುಂಗಭದ್ರಾ ಬ್ಯಾಂಕು' ಎನ್ನುವ ಗ್ರಾಮೀಣ ಬ್ಯಾಂಕು 2005ರಲ್ಲಿ ಪ್ರಗತಿ, 2013ರಲ್ಲಿ ಪ್ರಗತಿ ಕೃಷ್ಣ, 2019ರಲ್ಲಿ ಕರ್ನಾಟಕ ಗ್ರಾಮೀಣ ಬ್ಯಾಂಕ್‌ ಆಯಿತು. 2025ರ ಮೇ 1ರಂದು ಮತ್ತೊಂದು ವಿಲೀನ. ಹಳೆಯ ಪಾಸ್‌ಬುಕ್ಕಿನ ಐಎಫ್‌ಎಸ್‌ಸಿ ನೋಡಿ ತುಂಬಿದವರ ಮರುಪಾವತಿ ಹಾದಿಯಲ್ಲೇ ನಿಲ್ಲಬಹುದು. ಬಡ್ಡಿಯಲ್ಲಿ "ರೊಕ್ಕ ಮುರಕೊಂಡಾರ ಯಪ್ಪಾ" ಎಂದು ನನ್ನ ಬಳಿ ಬಂದಿದ್ದ ಅಜ್ಜಿಯೊಬ್ಬರಿಗೆ ಆದದ್ದು ಇದೇ. ಏಪ್ರಿಲ್ಲಿನಲ್ಲೇ, ತೆರಿಗೆ ಮುರಿಯಬೇಡಿ ಎಂದು ಹಿರಿಯರು ಬರೆದುಕೊಡುವ 15ಎಚ್‌ ಕೊಟ್ಟಿದ್ದರೆ ಮುರಿಯುತ್ತಲೇ ಇರಲಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಒಂದನ್ನು ಒಪ್ಪಿಕೊಳ್ಳಬೇಕು. ನಮ್ಮ ಹಳ್ಳಿಗಳಲ್ಲಿ 'ಐಟಿ ಮಾಡಿಸು' ಎಂದರೆ ತೆರಿಗೆ ಕಟ್ಟು ಎಂದಲ್ಲ. ಟ್ರ್ಯಾಕ್ಟರ್‌ ಸಾಲ, ಲಾರಿ ಸಾಲ, ಮನೆ ಸಾಲ ಯಾವುದಕ್ಕೆ ಹೋದರೂ ಮೂರು ವರ್ಷದ ಐಟಿ ತಾ ಎನ್ನುತ್ತಾರೆ. ಕಾಗದ ಇಲ್ಲದವನು ಕಾಗದ ಹುಟ್ಟಿಸಲಿಕ್ಕೆಂದೇ ರಿಟರ್ನ್ಸ್‌ ಹಾಕುತ್ತಾನೆ. ಇಲ್ಲದ ಕಿರಾಣಿ ಅಂಗಡಿ, ಇಲ್ಲದ ಕಮಿಷನ್‌ ವ್ಯಾಪಾರ, ತೆರಿಗೆ ಬೀಳದಷ್ಟೇ ಎತ್ತರದ ಆದಾಯ. ಆ ಹುಟ್ಟಿಸಿದ ಕಾಗದವೇ ಆಮೇಲೆ ತಿರುಗಿಬಿತ್ತು. 2023ರಲ್ಲಿ ಬಂದ ಗೃಹಲಕ್ಷ್ಮಿಯಲ್ಲಿ ಗಂಡ ಅಥವಾ ಹೆಂಡತಿ ಆದಾಯ ತೆರಿಗೆ ಪಾವತಿದಾರರಾಗಿದ್ದರೆ ತಿಂಗಳ 2,000 ರೂಪಾಯಿ ಇಲ್ಲ. 2024ರ ನವೆಂಬರಿನಲ್ಲಿ ತೆರಿಗೆದಾರರೆಂಬ ಕಾರಣಕ್ಕೆ ಬಿಪಿಎಲ್‌ ಕಾರ್ಡುಗಳು ರದ್ದಾದಾಗ ರಾಜ್ಯವೇ ಗದ್ದಲವಾಯಿತು. ಸಾಲಕ್ಕೆಂದು ಸೊನ್ನೆ ತೆರಿಗೆಯ ರಿಟರ್ನ್ಸ್‌ ಹಾಕಿದ್ದ ನಮ್ಮನ್ನೂ ತೆರಿಗೆದಾರರ ಪಟ್ಟಿಗೆ ಸೇರಿಸಿದ್ದಾರೆ ಎಂಬ ದೂರು ಆಗ ಕೇಳಿಬಂತು. ರಿಟರ್ನ್ಸ್‌ ಹಾಕುವವನು ಬೇರೆ, ತೆರಿಗೆ ಕಟ್ಟುವವನು ಬೇರೆ. ಆ ವ್ಯತ್ಯಾಸ ತೋರಿಸಲು ಸ್ವೀಕೃತಿ ಪತ್ರದ ಒಂದು ಸಾಲು ಸಾಕು: ತೆರಿಗೆ, ಸೊನ್ನೆ. ಆದರೆ ಎಷ್ಟು ಮಂದಿ ಆ ಹಾಳೆಯನ್ನು ಸೆಂಟರಿನಿಂದ ಮನೆಗೆ ತಂದಿದ್ದಾರೆ? ಎಷ್ಟು ಮಂದಿಯ ಲಾಗಿನ್‌ಗೆ ಸೆಂಟರಿನವನದೇ ಫೋನ್‌ ನಂಬರು?

ಇದಕ್ಕಿಂತ ಕೆಟ್ಟದ್ದು ಪಾಲಿನ ಮೇಲೆ ಮರುಪಾವತಿ ಕೊಡಿಸುವವರ ದಂಧೆ. ಕಾಗದ ಬೇಡ ಸರ್‌, ನಾನು ನೋಡ್ಕೋತೀನಿ ಎನ್ನುವವರು. ಕೊಡದ ಬಾಡಿಗೆ, ಕೊಡದ ದೇಣಿಗೆ, ಇಲ್ಲದ ಕಾಯಿಲೆ. 2025ರ ಜುಲೈ 14ರಂದು ಇಲಾಖೆ ದೇಶದ 150 ಕಡೆ ಇಂಥವರನ್ನು ತಪಾಸಣೆ ಮಾಡಿತು. ಅದಕ್ಕೂ ಮೊದಲಿನ ನಾಲ್ಕು ತಿಂಗಳಲ್ಲಿ ಸುಮಾರು 40,000 ಮಂದಿ ತಾವಾಗಿಯೇ ರಿಟರ್ನ್ಸ್‌ ತಿದ್ದಿ 1,045 ಕೋಟಿ ರೂಪಾಯಿಯ ಸುಳ್ಳು ಹಕ್ಕುಗಳನ್ನು ಬಿಟ್ಟುಕೊಟ್ಟಿದ್ದರು. ಸುಳ್ಳು ವಿವರಕ್ಕೆ ದಂಡ ತೆರಿಗೆಯ ಇಮ್ಮಡಿ, ಅದು ಸಹಿ ಇರುವವನಿಗೆ. ಪಾಲು ತೆಗೆದುಕೊಂಡವನು ಅಷ್ಟೊತ್ತಿಗೆ ನಂಬರು ಬದಲಿಸಿರುತ್ತಾನೆ. ನಿಜವಾಗಿ ದೇಣಿಗೆ ಕೊಟ್ಟವರೂ ಜೋಕೆಯಿಂದಿರಬೇಕು. ಜಾತ್ರೆಗೆ ಕೊಟ್ಟ ಪಟ್ಟಿಯ ರಸೀದಿ ನಡೆಯುವುದಿಲ್ಲ, ನೋಂದಾಯಿತ ಸಂಸ್ಥೆ 10ಬಿಇ ಪ್ರಮಾಣಪತ್ರ ಕೊಡಬೇಕು, 2,000 ರೂಪಾಯಿ ಮೀರಿದ ನಗದಂತೂ ಲೆಕ್ಕಕ್ಕಿಲ್ಲ.

ಆ ದಿನ ಸಿಂಧನೂರಿನಲ್ಲಿ ಕರೆಂಟು ಹೋಯಿತು. ಹುಡುಗ ಹೊರಗೆ ಚಹಾಕ್ಕೆ ಹೋದ. ವಳಕಮದಿನ್ನಿಯವರು ಮಗಳಿಗೆ ಫೋನ್‌ ಹಚ್ಚಿದರು. ಪಿಯುಸಿ ಓದುವ ಹುಡುಗಿ, ಹಳೆಯ ಶಾಲೆ ನೋಟುಬುಕ್ಕಿನಲ್ಲಿ ಅಪ್ಪನ ಲೀಜಿನ ಲೆಕ್ಕ ಬರೆದಿಡುತ್ತಿದ್ದಳಂತೆ. ನಾಟಿಯ ಕೂಲಿ, ಗೊಬ್ಬರದ ಚೀಲ, ಮಷಿನ್ನಿನ ತಾಸು, ಗೌಡರಿಗೆ ಅಳೆದುಕೊಟ್ಟ ಚೀಲ, ಎಲ್ಲ ತಾರೀಖು ಹಾಕಿ. ದಲಾಲಿ ಪಟ್ಟಿಗಳ ಫೋಟೊ ಫೋನಿನಲ್ಲಿತ್ತು. ಅಳಿಸಿಹೋಗುತ್ತದೆಂದು ತೂಕದ ಚೀಟಿಗಳದ್ದೂ ತೆಗೆದಿಟ್ಟಿದ್ದಳು. ಹಳೆಯ ಕಡತವನ್ನು ಇಲಾಖೆ ಸಾಮಾನ್ಯವಾಗಿ ನಿರ್ಧರಣಾ ವರ್ಷ ಮುಗಿದ ಮೂರು ವರ್ಷ ಮೂರು ತಿಂಗಳ ತನಕ ತೆರೆಯಬಹುದು, ತಪ್ಪಿದ ಆದಾಯ 50 ಲಕ್ಷ ಮುಟ್ಟಿದರೆ ಐದು ವರ್ಷ ಮೂರು ತಿಂಗಳ ತನಕ. ಅಷ್ಟು ದಿನ ಆ ನೋಟುಬುಕ್ಕು ಟ್ರಂಕಿನಲ್ಲಿ ಪಹಣಿಯ ಪಕ್ಕ ಇರಲಿ ಎಂದೆ.

ಕರೆಂಟು ಬಂತು. ಹುಡುಗ ಕುರ್ಚಿ ಎಳೆದುಕೊಂಡು, "ಏನ್‌ ಹಾಕ್ಲಿ ಕಾಕಾ?" ಎಂದ.

"ಗುತ್ತಿಗೆ ಅಂತ ಹಾಕು," ಅಂದರು. ಸ್ವಲ್ಪ ತಡೆದು, ನನ್ನ ಕಡೆ ತಿರುಗಿ ದನಿ ತಗ್ಗಿಸಿದರು. "ಗೌಡ್ರಿಗೆ ಇದು ಕಾಣಂಗಿಲ್ಲ ಅಲ್ರಿ?"